ಉತಾರ ತಿದ್ದೋರು, ಹೆಬ್ಬೆಟ್ಟು ಕದಿಯೋರು, ಸರ್ವರ್ ಕೆಡವೋರು

ಭಾಗ 1/8: ಮೂರು ಪ್ರಶ್ನೆ

ಇನ್ಫರ್ಮೇಶನ್ ಸೆಕ್ಯೂರಿಟಿ ಅಂದ ಕೂಡಲೇ ನಮ್ಮ ತಲೆಯಲ್ಲಿ ಬರೋದು ಹೂಡಿ ಹಾಕ್ಕೊಂಡ ಹ್ಯಾಕರ್, ಕರಿ ಸ್ಕ್ರೀನ್, ಹಸಿರು ಅಕ್ಷರ. ಅದನ್ನ ಸ್ವಲ್ಪ ಹೊತ್ತು ಬದಿಗಿಡ್ರಿ. ಈ ಸರಣಿಯಲ್ಲಿ ಹೇಳೋದು ಹೊಲದ ಉತಾರದ ಇತಿಹಾಸ. ಬೆಂಗಳೂರು ಕಡೆ ಪಹಣಿ ಅಂತಾರಲ್ಲ, ಆರ್‌ಟಿಸಿ, ಅದೇ.

"ನಾವು ಬಿಕಾಂ ಮಂದಿ, ನಮಗ್ಯಾಕ ಕೋಡಿಂಗ್, ನಮಗ್ಯಾಕ ಡೇಟಾ ಅನಾಲಿಸಿಸ್?" ಅಂತ ಕ್ಲಾಸಿನಲ್ಲಿ ಕೇಳೋರು ಬಹಳ ಜನ ಅದಾರ. ಉತ್ತರಕ್ಕೆ ಐಟಿ ಪಾರ್ಕಿಗೆ ಹೋಗೋದು ಬೇಡ. ತಹಶೀಲ್ದಾರ್ ಕಚೇರಿವರೆಗೆ ಬಂದ್ರೆ ಸಾಕು.

ಯಾವುದೇ ದಾಖಲೆಗೆ ಮೂರು ಬಗೆಯ ಅಪಾಯ ಇರ್ತಾವ:
1. ಯಾರೋ ಅದನ್ನ ತಿದ್ದಬಹುದು.
2. ಯಾರೋ ಅದನ್ನ ಕದಿಯಬಹುದು.
3. ನಮಗೆ ಬೇಕಾದ ಹೊತ್ತಿಗೆ ಅದು ಸಿಗದ ಹಾಗೆ ಯಾರೋ ಮಾಡಬಹುದು.

ಪುಸ್ತಕದಲ್ಲಿ ಇದಕ್ಕೆ ಇಂಟೆಗ್ರಿಟಿ, ಕಾನ್ಫಿಡೆನ್ಷಿಯಾಲಿಟಿ, ಅವೇಲೆಬಿಲಿಟಿ ಅಂತ ದೊಡ್ಡ ಹೆಸರು ಇಟ್ಟಾರ. ಈ ಮೂರೂ ಕರ್ನಾಟಕದ ಜಮೀನು ದಾಖಲೆಗಳ ಮೇಲೆ ಒಂದಾದ ಮೇಲೆ ಒಂದು ಬಂದು ಹೋಗಿವೆ. ಕೊನೆಯದು ಬಂದಿದ್ದು 2025ರ ಜನವರಿಯಲ್ಲಿ. ಒಂದೊಂದಾಗಿ ನೋಡೋಣ.

ಭಾಗ 2/8: ನಂಬರ್ ಬಂತು, ಕೀಲಿ ಬರಲಿಲ್ಲ

ಧಾರವಾಡ ಸೀಮೆ 1956ರ ನವೆಂಬರ್ 1ರವರೆಗೆ ಮುಂಬೈ ಆಡಳಿತದಲ್ಲಿತ್ತು. ಹಾಗಾಗಿ ನಮ್ಮ ಹೊಲಗಳ ಲೆಕ್ಕ ಹಳೇ ಮೈಸೂರಿಗಿಂತ ಬೇರೆ ದಾರಿಯಲ್ಲಿ ಬಂದಿದೆ. 1840ರ ದಶಕದಲ್ಲಿ ಇಲ್ಲಿ ಬ್ರಿಟಿಷರ ಕಂದಾಯ ಸರ್ವೆ ನಡೆಯಿತು. ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಅನ್ನೋ ಮೂವರು ಅಧಿಕಾರಿಗಳ 1847ರ ಜಂಟಿ ವರದಿ ಮುಂಬೈ ಪ್ರಾಂತ್ಯದ ಸರ್ವೆಗೆ ನಿಯಮ ಹಾಕಿಕೊಟ್ಟಿತು. ಹೊಲ ಅಳೆದರು, ಹದ್ದು ಗುರುತಿಸಿದರು, ಪ್ರತಿ ಹೊಲಕ್ಕೆ ಒಂದು ನಂಬರ್ ಕೊಟ್ಟರು. ನಿಮ್ಮ ಮನೆಯ ಕಾಗದದಲ್ಲಿ "ರಿ.ಸ.ನಂ." ಅಂತ ಇದ್ದರೆ ಅದರ ಬೇರು ಅಲ್ಲಿದೆ.

ಡೇಟಾಬೇಸ್ ಓದಿದವರಿಗೆ ಗೊತ್ತು, ಪ್ರತಿ ಸಾಲಿಗೆ ಬೇರೆ ಯಾವ ಸಾಲಿಗೂ ಇಲ್ಲದ ಒಂದು ಗುರುತು ಬೇಕು. "ಹಳ್ಳದ ದಂಡಿ ಹೊಲ", "ಬೇವಿನ ಮರದ ಹೊಲ" ಅಂದ್ರೆ ಊರಿನವರಿಗೆ ತಿಳೀತದ, ಕಚೇರಿಗೆ ತಿಳಿಯೋದಿಲ್ಲ. ಸರ್ವೆ ನಂಬರ್ ಆ ಕೆಲಸ ಮಾಡಿತು.

ಆದರೆ ಪುಸ್ತಕ ಯಾರ ಕೈಯಲ್ಲಿತ್ತು? ಮೊದಲು ಕುಲಕರ್ಣಿ, ಅದೂ ವಂಶಪಾರಂಪರ್ಯವಾಗಿ. ಮುಂಬೈ ಸರ್ಕಾರ 1950ರಲ್ಲಿ ಕಾಯ್ದೆ ತಂದು ಕುಲಕರ್ಣಿ ವತನ ರದ್ದು ಮಾಡಿತು. ಆಮೇಲೆ ತಲಾಟಿ ಬಂದರು, ಅವರೇ ಮುಂದೆ ಗ್ರಾಮ ಲೆಕ್ಕಾಧಿಕಾರಿ ಆದರು. ಹುದ್ದೆಯ ಹೆಸರು ಬದಲಾಯಿತು, ಪದ್ಧತಿ ಅಷ್ಟು ಬದಲಾಗಲಿಲ್ಲ. ಬರೆಯೋದೂ ಅವರೇ, ಇಟ್ಟುಕೊಳ್ಳೋದೂ ಅವರೇ, ನಕಲು ತೆಗೆದುಕೊಡೋದೂ ಅವರೇ.

ಆಡಿಟಿಂಗ್ ಪೇಪರಿನಲ್ಲಿ ನಾವು ಇಂಟರ್ನಲ್ ಚೆಕ್ ಓದ್ತೀವಲ್ಲ? ಕ್ಯಾಶ್ ತಗೊಳ್ಳೋನು ಕ್ಯಾಶ್‌ಬುಕ್ ಬರೀಬಾರದು ಅನ್ನೋದು ಅದರ ಮೊದಲ ಪಾಠ. ಆ ಪಾಠವನ್ನ ಹೊಲದ ಲೆಕ್ಕಕ್ಕೆ ಹಚ್ಚಿ ನೋಡ್ರಿ. ಒಬ್ಬ ಮನುಷ್ಯ, ಒಂದು ಪುಸ್ತಕ, ಮೂರು-ನಾಲ್ಕು ಊರು. ಒಳ್ಳೆಯವರು ಸಿಕ್ಕರೆ ಒಳ್ಳೆಯದು. ಇಲ್ಲಾಂದ್ರೆ ಒಂದು ಅಕ್ಷರ ಅಸ್ಪಷ್ಟವಾಗಿ ಬರೆದರೆ ಸಾಕು, ಎರಡು ಮನೆತನ ಮೂವತ್ತು ವರ್ಷ ಕೋರ್ಟಿಗೆ ಅಲೆಯೋದು.

ನಮ್ಮ ಅಜ್ಜ ಉತಾರದ ಕಾಗದಗಳನ್ನ ಬಂಗಾರದ ಜೋಡಿ ಒಂದೇ ಟ್ರಂಕಿನಲ್ಲಿ ಇಡ್ತಿದ್ದರು. ಯಾಕೆ ಅಂತ ಈಗ ತಿಳೀತದ. ಆ ಪುಸ್ತಕದ ವಿರುದ್ಧ ರೈತನ ಹತ್ತಿರ ಇದ್ದ ಬ್ಯಾಕಪ್ ಅದೊಂದೇ.

ಭಾಗ 3/8: "ಭೂಮಿ" ಏನು ಮಾಡಿತು

1999ರ ಸುಮಾರಿಗೆ ಕಂದಾಯ ಇಲಾಖೆ "ಭೂಮಿ" ಯೋಜನೆ ಶುರು ಮಾಡಿತು. ಮೊದಲ ಪ್ರಯೋಗ ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ. ಸಾಫ್ಟ್‌ವೇರ್ ಬರೆದದ್ದು ಕೇಂದ್ರ ಸರ್ಕಾರದ ಎನ್‌ಐಸಿ. ಯೋಜನೆಯನ್ನು ಮುಂದೆ ನಿಂತು ನಡೆಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಸುಮಾರು 2 ಕೋಟಿ ದಾಖಲೆ, 67 ಲಕ್ಷ ರೈತರು, 177 ತಾಲೂಕು, ಸುಮಾರು 9,000 ಗ್ರಾಮ ಲೆಕ್ಕಾಧಿಕಾರಿಗಳ ಕೈಬರಹದ ಪುಸ್ತಕಗಳು ಕಂಪ್ಯೂಟರಿಗೆ ಬಂದವು. ಆಮೇಲೆ ಕೈಬರಹದ ಆರ್‌ಟಿಸಿ ನಡೆಯೋದಿಲ್ಲ ಅಂತ ಸರ್ಕಾರ ಹೇಳಿತು. ಆಗ ತಾಲೂಕು ಕಚೇರಿಯ ಕಿಯೋಸ್ಕಿನಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಸಿಗ್ತಿತ್ತು.

ಇಷ್ಟನ್ನ ಎಲ್ಲರೂ ಹೇಳ್ತಾರ. ನನಗೆ ಇಷ್ಟವಾಗಿದ್ದು ಪ್ರೋಗ್ರಾಂ ಒಳಗೆ ಕೂರಿಸಿದ ನಾಲ್ಕು ನಿಯಮ.

ಒಂದು, ಲಾಗಿನ್. ಪಾಸ್‌ವರ್ಡ್ ಒಂದನ್ನೇ ನಂಬಲಿಲ್ಲ, ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಪಾಸ್‌ವರ್ಡ್ ಆದರೆ "ಯಾರೋ ನನ್ನದು ಬಳಸ್ಯಾರ್ರಿ" ಅಂತ ಜಾರಿಕೊಳ್ಳಬಹುದು. ಬೆರಳು ಇಟ್ಟ ಮೇಲೆ ಹಾಗೆ ಹೇಳೋದು ಕಷ್ಟ. ಯಾರು, ಯಾವಾಗ, ಏನು ಬದಲಿಸಿದರು ಅನ್ನೋದು ಉಳೀತದ.

ಎರಡು, ಸರತಿ. ಹೊಲ ಮಾರಿದಾಗ ಅಥವಾ ಹಿರಿಯರು ತೀರಿಕೊಂಡು ವಾರಸಾ ಹಚ್ಚುವಾಗ ಮ್ಯುಟೇಶನ್ ಅರ್ಜಿ ಕೊಡಬೇಕು. ಭೂಮಿಯಲ್ಲಿ ಮೊದಲು ಬಂದ ಅರ್ಜಿ ಮೊದಲು. ಕಾಸ್ಟಿಂಗ್‌ನಲ್ಲಿ ನಾವು ಫಿಫೋ ಅಂತ ಲೆಕ್ಕ ಮಾಡ್ತೀವಲ್ಲ, ಅದೇ ಫಿಫೋ ಇಲ್ಲಿ ಲಂಚ ತಡೆಯೋ ಸಾಧನ ಆಯಿತು. ನಿಮ್ಮ ಫೈಲ್ ಕೆಳಗೆ ತಳ್ಳಿ ಮತ್ತೊಬ್ಬರದು ಮೇಲೆ ತೆಗೆಯಲಿಕ್ಕೆ ಪ್ರೋಗ್ರಾಂ ಬಿಡೋದಿಲ್ಲ.

ಮೂರು, ಪುರಾವೆ. ನೋಟಿಸ್ ಕೊಟ್ಟು, ತಕರಾರು ಹೇಳಲಿಕ್ಕೆ ಆಗ ಇದ್ದ 30 ದಿನ ಕಳೆದು, ಆದೇಶ ಆದ ಮೇಲೆ ಆ ಕಾಗದವನ್ನ ಸ್ಕ್ಯಾನ್ ಮಾಡಿ ಸಿಸ್ಟಮ್‌ನಲ್ಲಿ ಇಡಬೇಕು. ವೌಚರ್ ಇಲ್ಲದೆ ಎಂಟ್ರಿ ಇಲ್ಲ!

ನಾಲ್ಕು, ಎರಡನೇ ಪರದೆ. ಕೌಂಟರಿನಲ್ಲಿ ರೈತನ ಕಡೆ ಮುಖ ಮಾಡಿ ಇನ್ನೊಂದು ಮಾನಿಟರ್ ಇಟ್ಟರು. ಒಳಗಿನವರು ಏನು ಮಾಡ್ತಾರೋ ಅದು ಹೊರಗಿನವರಿಗೂ ಕಾಣಬೇಕು.

ಕೋಟೆ ಕಟ್ಟಿ ಪುಸ್ತಕ ಬಚ್ಚಿಡೋದು ಒಂದು ಬಗೆಯ ಭದ್ರತೆ. ಎಲ್ಲರೂ ನೋಡೋ ಹಾಗೆ ಇಟ್ಟು, ಮುಟ್ಟಿದವರ ಗುರುತು ಉಳಿಯೋ ಹಾಗೆ ಮಾಡೋದು ಇನ್ನೊಂದು ಬಗೆ. ಭೂಮಿ ಹಿಡಿದಿದ್ದು ಎರಡನೇ ದಾರಿ.

ಭಾಗ 4/8: ಪ್ರೋಗ್ರಾಂ ಮುಗಿಸದ ಕೆಲಸ

ಇಲ್ಲಿಗೆ ಜೈ ಅಂದು ಮುಗಿಸಿದರೆ ಸುಳ್ಳಾಗ್ತದ.

ಮೊದಲ ತೊಂದರೆ: ಪುಸ್ತಕದಲ್ಲಿ ತಪ್ಪಿದ್ದರೆ ಕಂಪ್ಯೂಟರಿಗೂ ತಪ್ಪೇ ಬಂತು. ಸತ್ತು ಎಷ್ಟೋ ವರ್ಷ ಆದವರ ಹೆಸರಿನಲ್ಲಿ ಹೊಲ ಹಾಗೇ ಉಳಿದಿತ್ತು, ಪ್ರಿಂಟಿನಲ್ಲೂ ಹಾಗೇ ಬಂತು. ಮೊದಲು ತಪ್ಪು ಕೈಬರಹದಲ್ಲಿತ್ತು, ಈಗ ಅಚ್ಚಿನ ಅಕ್ಷರದಲ್ಲಿ. ನೋಡಲಿಕ್ಕೆ ಹೆಚ್ಚು ನಿಜ ಅನ್ನಿಸ್ತದ, ಅಷ್ಟೇ.

ಎರಡನೆಯದು ಇನ್ನೂ ಗಂಭೀರ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಭೂಮಿಯನ್ನು ಟೀಕಿಸಿ ಒಂದು ಅಧ್ಯಯನ ಬರೆದರು. ಅಧಿಕಾರ ಹಳ್ಳಿಯಿಂದ ಎದ್ದು ಮೇಲಿನ ಕಚೇರಿಗಳಿಗೆ ಹೋಯಿತು, ಬೆಂಗಳೂರಿನ ಸುತ್ತ ಜಮೀನು ಹುಡುಕುವ ದೊಡ್ಡ ಕುಳಗಳಿಗೆ ಇದರಿಂದ ಅನುಕೂಲ ಆಯಿತು ಅನ್ನೋದು ಅವರ ವಾದ. ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು. ಆದರೆ ಪ್ರಶ್ನೆ ಸರಿಯಾಗಿದೆ: ಮಾಹಿತಿ ಎಲ್ಲರಿಗೂ ತೆರೆದರೆ, ಅದನ್ನ ಓದಿ ಬಳಸೋ ಶಕ್ತಿ ಯಾರಿಗಿದೆಯೋ ಅವರಿಗೇ ಮೊದಲ ಲಾಭ ಅಲ್ಲವಾ?

ಹಳೇ ಪುಸ್ತಕಗಳ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ತಾಲೂಕು ಕಚೇರಿಗಳ ರೆಕಾರ್ಡ್ ರೂಮಿನ ಕಾಗದಗಳನ್ನ ಸ್ಕ್ಯಾನ್ ಮಾಡೋ "ಭೂ ಸುರಕ್ಷಾ" ಯೋಜನೆ ಶುರುವಾಗಿದ್ದು 2024ರಲ್ಲಿ, ಅಂದರೆ ಭೂಮಿ ಬಂದು ಕಾಲು ಶತಮಾನ ಆದ ಮೇಲೆ. ಮೂಲ ಕಾಗದವನ್ನ ಯಾರಾದರೂ ತಿದ್ದಿದರೆ ಹೋಲಿಸಲಿಕ್ಕೆ ಈಗ ಒಂದು ಪ್ರತಿ ಇರ್ತದ.

ಭಾಗ 5/8: 75 ಸೆಂಟ್ ತಾಳೆ ಆಗಲಿಲ್ಲ

ಈ ಭಾಗಕ್ಕೆ ಸ್ವಲ್ಪ ಅಮೆರಿಕಕ್ಕೆ ಹೋಗಿ ಬರೋಣ. ಕಾಮರ್ಸ್ ಮಂದಿ ಇದನ್ನ ಸೇವ್ ಮಾಡ್ಕೊಳ್ರಿ.

1986. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಲ್ಯಾಬ್. ಆಗ ಕಂಪ್ಯೂಟರ್ ಬಳಸಿದ ಸಮಯಕ್ಕೆ ಬಿಲ್ ಹಾಕ್ತಿದ್ದರು. ಒಂದು ತಿಂಗಳ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಬಂತು. ಕ್ಲಿಫರ್ಡ್ ಸ್ಟೋಲ್ ಅನ್ನೋ ಖಗೋಳ ವಿಜ್ಞಾನಿಗೆ "ಇದು ಯಾಕೆ ಅಂತ ನೋಡು" ಅಂತ ಹೇಳಿದರು. ಬೇರೆ ಯಾರಾದರೂ ರೌಂಡ್ ಆಫ್ ಅಂತ ಬಿಡ್ತಿದ್ದರು. ಈ ಮನುಷ್ಯ ಬಿಡಲಿಲ್ಲ. ಬಿಲ್ ವಿಳಾಸವೇ ಇಲ್ಲದ ಒಂದು ಅಕೌಂಟ್ ಸಿಕ್ಕಿತು. ಅದರ ಹಿಂದೆ ಹೋಗ್ತಾ ಹೋಗ್ತಾ ಕೊನೆಗೆ ಸಿಕ್ಕವನು ಪಶ್ಚಿಮ ಜರ್ಮನಿಯ ಹ್ಯಾನೋವರಿನ ಮಾರ್ಕಸ್ ಹೆಸ್. ಅಮೆರಿಕದ ಸೇನಾ ಕಂಪ್ಯೂಟರುಗಳಿಗೆ ನುಗ್ಗಿ, ಸಿಕ್ಕ ಮಾಹಿತಿಯನ್ನ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾರ್ತಿದ್ದ ಗುಂಪಿನವನು.

ಅಂದರೆ ಗೂಢಚಾರನನ್ನ ಹಿಡಿಯೋ ಕೆಲಸ ಶುರುವಾಗಿದ್ದು ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದೆ!

ಇದಕ್ಕೆ ಮೊದಲೇ, 1980ರಲ್ಲಿ, ಜೇಮ್ಸ್ ಆ್ಯಂಡರ್ಸನ್ ಅನ್ನೋರು ಅಮೆರಿಕದ ವಾಯುಪಡೆಗಾಗಿ ಬರೆದ ವರದಿಯಲ್ಲಿ ಕಂಪ್ಯೂಟರಿನ ಆಡಿಟ್ ದಾಖಲೆಗಳನ್ನೇ ಓದಿ ಅತಿಕ್ರಮಣ ಪತ್ತೆ ಮಾಡಬಹುದು ಅಂದಿದ್ದರು. 1987ರಲ್ಲಿ ಡೊರೊಥಿ ಡೆನ್ನಿಂಗ್ ಅದಕ್ಕೆ ಒಂದು ಗಣಿತದ ಮಾದರಿ ಕೊಟ್ಟರು. ಮಾತು ಸರಳ: ಪ್ರತಿಯೊಬ್ಬರಿಗೂ ಒಂದು ವಾಡಿಕೆ ಇರ್ತದ. ಎಷ್ಟು ಹೊತ್ತಿಗೆ ಲಾಗಿನ್ ಆಗ್ತಾರ, ಎಷ್ಟು ಫೈಲ್ ತೆರೀತಾರ ಅನ್ನೋದು. ಆ ವಾಡಿಕೆಯನ್ನ ಅಂಕಿಗಳಲ್ಲಿ ಹಿಡಿದಿಟ್ಟರೆ, ವಾಡಿಕೆ ಮೀರಿದ್ದು ತಾನೇ ಎದ್ದು ಕಾಣ್ತದ. ಇವತ್ತು ರಾತ್ರಿ 2 ಗಂಟೆಗೆ ನಿಮ್ಮ ಕಾರ್ಡಿನಿಂದ ಬೇರೆ ದೇಶದಲ್ಲಿ ಖರೀದಿ ಆದರೆ ಬ್ಯಾಂಕಿನಿಂದ ಮೆಸೇಜ್ ಬರೋದು ಇದೇ ಯೋಚನೆಯಿಂದ.

ಈಗ ವಾಪಸ್ ಕರ್ನಾಟಕಕ್ಕೆ ಬರೋಣ.

ಭಾಗ 6/8: ಹೆಬ್ಬೆಟ್ಟಿನ ಕಳವು

ಭೂಮಿಯಲ್ಲಿ ಬೆರಳಚ್ಚು ಕಾವಲುಗಾರ ಆಗಿತ್ತು, ನೆನಪಿದೆಯಲ್ಲ? 2023ರಲ್ಲಿ ಅದೇ ಬೆರಳಚ್ಚು ಕಳ್ಳರ ಕೈಗೆ ಕೀಲಿ ಆಯಿತು.

ಮಂಗಳೂರು, ಬೆಂಗಳೂರಿನಲ್ಲಿ ಜನ ಪೊಲೀಸರ ಹತ್ತಿರ ಬಂದರು. ಓಟಿಪಿ ಹೇಳಿಲ್ಲ, ಲಿಂಕ್ ಒತ್ತಿಲ್ಲ, ಆದರೂ ಖಾತೆಯಿಂದ ದುಡ್ಡು ಹೋಗಿದೆ. ಇವರಲ್ಲಿ ಬಹಳ ಜನ ಸ್ವಲ್ಪ ದಿನ ಮೊದಲು ಸಬ್ ರಜಿಸ್ಟ್ರಾರ್ ಆಫೀಸಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದರು. ಸಾಮಾನ್ಯ ಅಂಶ ಏನು ಅಂತ ಹುಡುಕಿದಾಗ ಅದು ಸಿಕ್ಕಿತು. ಇದೂ ಡೇಟಾ ಅನಾಲಿಸಿಸ್ಸೇ ನೋಡ್ರಿ: ದೂರುಗಳನ್ನ ಸಾಲಾಗಿ ಇಟ್ಟು, ಎಲ್ಲದರಲ್ಲೂ ಇರೋ ಒಂದು ಕಾಲಂ ಯಾವುದು ಅಂತ ನೋಡೋದು.

ಹೇಗಾಯಿತು? ನೋಂದಣಿ ಪತ್ರದಲ್ಲಿ ಆಧಾರ್ ನಂಬರ್ ಇರ್ತಿತ್ತು, ಬೆರಳಚ್ಚಿನ ಗುರುತೂ ಇರ್ತಿತ್ತು. ಆ ಪತ್ರಗಳು ಕಾವೇರಿ ಪೋರ್ಟಲಿನಿಂದ ವಂಚಕರ ಕೈಗೆ ಸಿಕ್ಕವು ಅನ್ನೋದು ಪೊಲೀಸರು ಕಂಡುಕೊಂಡ ಜಾಡು. ಆ ಗುರುತಿನಿಂದ ನಕಲಿ ಬೆರಳಚ್ಚು ಮಾಡಿ, ಎಇಪಿಎಸ್ ಅನ್ನೋ ಆಧಾರ್ ಪಾವತಿ ವ್ಯವಸ್ಥೆಯಲ್ಲಿ ದುಡ್ಡು ತೆಗೆದರು. ಎಇಪಿಎಸ್‌ಗೆ ಬ್ಯಾಂಕಿನ ಹೆಸರು, ಆಧಾರ್ ನಂಬರ್, ಬೆರಳು ಇಷ್ಟು ಸಾಕು. ಪಿನ್ ಇಲ್ಲ, ಓಟಿಪಿ ಇಲ್ಲ. ಒಂದು ಸಲಕ್ಕೆ 10,000 ರೂಪಾಯಿವರೆಗೆ.

ಹಳ್ಳಿಯಲ್ಲಿ ಎಟಿಎಂ ಇಲ್ಲದ ಕಡೆ, ಓದು ಬಾರದ ಅಮ್ಮಂದಿರಿಗೆ, ಪಿಂಚಣಿ ತಗೊಳ್ಳೋ ಅಜ್ಜಂದಿರಿಗೆ ಅಂತ ಮಾಡಿದ ಒಳ್ಳೆ ವ್ಯವಸ್ಥೆ ಅದು. ಹಾಗಾಗಿಯೇ ನೋವು ಜಾಸ್ತಿ. ಪಾಸ್‌ವರ್ಡ್ ಕಳವಾದರೆ ಬದಲಿಸಬಹುದು. ಬೆರಳು ಬದಲಿಸಲಿಕ್ಕೆ ಬರ್ತದೇನು?

ಆಮೇಲೆ ಪತ್ರಗಳಲ್ಲಿ ಬೆರಳಚ್ಚು ಕಾಣದ ಹಾಗೆ ಮರೆಮಾಚಲು ಕ್ರಮ ತಗೊಂಡರು. ಆಧಾರ್ ಪ್ರಾಧಿಕಾರ ಅದೇ ವರ್ಷದ ಫೆಬ್ರುವರಿಯಲ್ಲೇ ಒಂದು ಹೊಸ ತಪಾಸಣೆ ತಂದಿತ್ತು: ಸ್ಕ್ಯಾನರ್ ಮೇಲಿರೋದು ಜೀವಂತ ಬೆರಳೋ ಅಚ್ಚು ಹಾಕಿದ ನಕಲೋ ಅಂತ ಮಷೀನ್ ಲರ್ನಿಂಗ್ ಪ್ರೋಗ್ರಾಂ ನೋಡೋದು. ಕಳ್ಳರೂ ಕಲೀತಾರ, ಪ್ರೋಗ್ರಾಂ ಕೂಡ ಕಲೀಬೇಕು.

ಭಾಗ 7/8: ಎರಡು ತಾಸು, 6.2 ಲಕ್ಷ ವಿನಂತಿ

ಮೂರನೇ ಅಪಾಯ: ನಿಲ್ಲಿಸೋದು.

2025ರ ಜನವರಿಯಲ್ಲಿ ಕಾವೇರಿ 2.0 ಪೋರ್ಟಲ್ ಕುಸಿಯಿತು. ಆಸ್ತಿ ನೋಂದಣಿಗೆ ಬಂದವರು ಆಫೀಸಿನಲ್ಲಿ ಕಾದು ಕಾದು ವಾಪಸ್ ಹೋದರು. ಮೊದಲಿಗೆ ಎಲ್ಲರೂ ಹೇಳೋ ಮಾತು, "ಸರ್ವರ್ ಡೌನ್ ಅದ, ನಾಳೆ ಬರ್ರಿ." ಆದರೆ ಲಾಗ್ ತೆಗೆದು ನೋಡಿದಾಗ ಬೇರೆ ಕಥೆ. ಅದು ಡಿಡಿಒಎಸ್ ದಾಳಿ, ಅಂದರೆ ಸುಳ್ಳು ವಿನಂತಿಗಳ ಹೊಳೆ ಹರಿಸಿ ಸರ್ವರ್ ಮುಳುಗಿಸೋದು. ನಕಲಿ ಖಾತೆ ತೆರೆದು, ಬಾಯಿಗೆ ಬಂದ ಪದ ಹಾಕಿ, ಋಣಭಾರ ಪ್ರಮಾಣಪತ್ರ ಅಂದರೆ ಇಸಿ ಹುಡುಕಿದ್ದರು. ಎರಡು ತಾಸಿನಲ್ಲಿ 6.2 ಲಕ್ಷ ವಿನಂತಿ. 62 ಇಮೇಲ್ ಖಾತೆ. 14 ಐಪಿ ವಿಳಾಸ. ಸೈಬರ್ ಪೊಲೀಸರಲ್ಲಿ ಎಫ್‌ಐಆರ್ ದಾಖಲಾಯಿತು.

ಕ್ಯಾಲ್ಕುಲೇಟರ್ ತೆಗೀರಿ. ನಾವೇ ತನಿಖೆ ಮಾಡೋಣ.

6,20,000 ÷ 62 = ಒಂದು ಖಾತೆಗೆ 10,000 ವಿನಂತಿ.
ಎರಡು ತಾಸು = 7,200 ಸೆಕೆಂಡ್.
7,200 ÷ 10,000 = 0.72. ಅಂದರೆ ಒಂದೊಂದು ಖಾತೆಯೂ ಮುಕ್ಕಾಲು ಸೆಕೆಂಡಿಗೆ ಒಂದು ಹುಡುಕಾಟ, ಎರಡು ತಾಸು ಒಂದೇ ಸಮನೆ.
ಒಟ್ಟು 6,20,000 ÷ 7,200 = ಸೆಕೆಂಡಿಗೆ ಸುಮಾರು 86.

ಯಾವ ಮನುಷ್ಯ ಮುಕ್ಕಾಲು ಸೆಕೆಂಡಿಗೊಮ್ಮೆ ಇಸಿ ಹುಡುಕ್ತಾನ? ನೀರು ಕುಡಿಯದೆ, ಕಣ್ಣು ಮಿಟುಕಿಸದೆ? ಇದು ಬಾಟ್ ಅಂತ ಹೇಳಲಿಕ್ಕೆ ಎಂಜಿನಿಯರಿಂಗ್ ಡಿಗ್ರಿ ಬೇಕಾಗಲಿಲ್ಲ, ಭಾಗಾಕಾರ ಸಾಕಾಯಿತು.

ಇಲ್ಲಿ ಒಂದು ಕೆಲಸದ ವಿಷಯ. ಲಾಗ್ ಅಂದರೆ ಬಹಳ ಉದ್ದದ ಡೇ ಬುಕ್ ಅಂತ ತಿಳ್ಕೊಳ್ರಿ. ಯಾವಾಗ, ಯಾರು, ಎಲ್ಲಿಂದ, ಏನು ಕೇಳಿದರು, ಇಷ್ಟೇ ಕಾಲಂ. ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್ ಹಾಕಿ ಖಾತೆವಾರು ಎಣಿಸಿದರೆ 10,000ದ ಸಾಲುಗಳು ಮೇಲೆ ಬಂದು ಕೂಡ್ತಾವ. ಆದರೆ ಎಕ್ಸೆಲ್ ಶೀಟ್ ಹಿಡಿಯೋದು 10,48,576 ಸಾಲು ಮಾತ್ರ, ದೊಡ್ಡ ಪೋರ್ಟಲಿನ ಲಾಗ್ ಅದನ್ನ ದಾಟಿ ಹೋಗ್ತದ. ಅಲ್ಲಿ ಪೈಥಾನ್ ಬೇಕು. ಅದೇ ಎಣಿಕೆ ನಾಲ್ಕೈದು ಸಾಲಿನ ಪ್ರೋಗ್ರಾಂ. ಇನ್ನೊಂದು ಮುಖ್ಯ ವ್ಯತ್ಯಾಸ: ಪಿವಟ್ ಟೇಬಲ್ ದಾಳಿ ಆದ ಮೇಲೆ ಹೇಳ್ತದ. ಪ್ರೋಗ್ರಾಂ ಆದರೆ ದಾಳಿ ನಡೆಯುವಾಗಲೇ "ಈ ಖಾತೆ ನಿಮಿಷಕ್ಕೆ 20 ದಾಟಿತು, ನಿಲ್ಲಿಸು" ಅನ್ನಬಹುದು.

ಆದರೆ ಆ 20 ಯಾರು ನಿರ್ಧಾರ ಮಾಡಬೇಕು? 5 ಅಂತ ಇಟ್ಟರೆ ನಿಜವಾಗಿ ಕೆಲಸ ಮಾಡೋ ಪತ್ರ ಬರಹಗಾರರೂ ಬ್ಲಾಕ್ ಆಗ್ತಾರ. 500 ಅಂತ ಇಟ್ಟರೆ ಕಳ್ಳ ಆರಾಮಾಗಿ ಬರ್ತಾನ. ಸಾಮಾನ್ಯ ದಿನ ಜನ ಹೇಗೆ ಬಳಸ್ತಾರ ಅಂತ ತಿಳಿದವರೇ ಅದನ್ನ ಹೇಳಬೇಕು. ನೋಂದಣಿ, ಸಾಲ, ಇಸಿ, ಬೋಜಾ ಇವೆಲ್ಲ ತಿಳಿದವರು ಯಾರು? ನಮ್ಮಂಥ ಕಾಮರ್ಸ್ ಮಂದಿನೇ.

ಭಾಗ 8/8: ಈಗ ನಿಮ್ಮ ಸರದಿ

ಇಡೀ ಕಥೆಯನ್ನ ಒಮ್ಮೆ ಹಿಂದಕ್ಕೆ ತಿರುಗಿ ನೋಡ್ರಿ. 1847ರಲ್ಲಿ ಹೊಲಕ್ಕೆ ನಂಬರಿನ ನಿಯಮ. ಭೂಮಿಯಲ್ಲಿ ಮುಟ್ಟಿದವರ ಗುರುತು. 2023ರಲ್ಲಿ ಆ ಗುರುತೇ ಕಳವು. 2025ರಲ್ಲಿ ಬಾಗಿಲಿಗೆ ಅಡ್ಡ ನಿಂತ ಬಾಟ್. ಪ್ರತಿ ಪರಿಹಾರವೂ ಮುಂದಿನ ತೊಂದರೆಗೆ ಒಂದು ಕಿಂಡಿ ಬಿಟ್ಟಿತು. ಆ ಕಿಂಡಿ ಮೊದಲು ಕಂಡವರು ಯಾರು ಅನ್ನೋದರ ಮೇಲೆ ರೈತನ ಹೊಲವೋ, ಅಜ್ಜಿಯ ಪಿಂಚಣಿಯೋ ಉಳಿಯೋದು ನಿಂತಿದೆ.

ನಾವು ಕಲಿಯೋ ತಾಳೆ ನೋಡೋದು, ವೌಚಿಂಗ್, ಇಂಟರ್ನಲ್ ಚೆಕ್ ಇವೆಲ್ಲ ಸೆಕ್ಯೂರಿಟಿಯ ಅರ್ಧ ಪಾಠ. ಉಳಿದರ್ಧ ಸ್ವಲ್ಪ ಪೈಥಾನ್, ಸ್ವಲ್ಪ ಎಸ್‌ಕ್ಯೂಎಲ್. ಸಣ್ಣದರಿಂದ ಶುರು ಮಾಡ್ರಿ. ಜಿಎಸ್‌ಟಿ ನಂಬರಿನ 15ನೇ ಅಕ್ಷರ ಉಳಿದ 14ರಿಂದ ಲೆಕ್ಕ ಹಾಕಿ ಬರೋ ತಪಾಸಣೆ ಅಕ್ಷರ. ಆಧಾರಿನ 12ನೇ ಅಂಕಿಯೂ ಹಾಗೇ, ಅದಕ್ಕೆ ಡಚ್ ಗಣಿತಜ್ಞ ವೆರ್‌ಹೂಫ್ 1969ರಲ್ಲಿ ಕೊಟ್ಟ ಸೂತ್ರ. ಪಾರ್ಟಿ ಕೊಟ್ಟ ಜಿಎಸ್‌ಟಿ ನಂಬರ್ ತಪ್ಪಾಗಿ ಟೈಪ್ ಆಗಿದೆಯಾ ಅಂತ ನೋಡೋ ಪುಟ್ಟ ಪ್ರೋಗ್ರಾಂ ಒಂದು ಭಾನುವಾರದಲ್ಲಿ ಬರೀಬಹುದು.

ಈ ವಾರ ಮನೆಯಲ್ಲಿ ಮಾಡಬೇಕಾದ ನಾಲ್ಕು ಕೆಲಸ:

• ನಿಮ್ಮ ಹೊಲದ ಆರ್‌ಟಿಸಿಯನ್ನ ಆನ್‌ಲೈನಿನಲ್ಲಿ ತೆಗೆದು ಅಪ್ಪ, ಅಜ್ಜನ ಜೋಡಿ ಕೂತು ಓದ್ರಿ. ಹೆಸರು, ಎಕರೆ-ಗುಂಟೆ, ಬೋಜಾ ಸರಿ ಇದಾವಾ ನೋಡ್ರಿ. ತಪ್ಪು ಬೇಗ ಕಂಡಷ್ಟು ತಿದ್ದುಪಡಿ ಸುಲಭ.

• ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡ್ರಿ. ಹೆಬ್ಬೆಟ್ಟಿನಿಂದ ಪಿಂಚಣಿ ಅಥವಾ ರೇಷನ್ ತಗೊಳ್ಳೋರು ಮನೆಯಲ್ಲಿದ್ದರೆ, ಬೇಕಾದಾಗ ಅನ್‌ಲಾಕ್ ಮಾಡೋದನ್ನ ಅವರಿಗೆ ಕಲಿಸಿಯೇ ಲಾಕ್ ಮಾಡ್ರಿ. ಇಲ್ಲಾಂದ್ರೆ ಅವರ ರೇಷನ್ನಿಗೆ ನೀವೇ ಅಡ್ಡ ಆಗ್ತೀರಿ.

• ದುಡ್ಡು ಹೋದರೆ ಕೂಡಲೇ 1930ಕ್ಕೆ ಫೋನ್. ನಮ್ಮ ಹುಬ್ಬಳ್ಳಿ-ಧಾರವಾಡ ಕಮಿಷನರೇಟಿನಲ್ಲೂ ಸಿಇಎನ್ ಠಾಣೆ ಇದೆ.

• ಬ್ಯಾಂಕಿಗೂ ಬರವಣಿಗೆಯಲ್ಲಿ ತಿಳಿಸ್ರಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯಲ್ಲಿ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಬೇರೆಲ್ಲೋ ಆದ ವಂಚನೆ ಅಂದರೆ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ನಷ್ಟದ ಹೊಣೆ ಬರೋದಿಲ್ಲ ಅಂತ ಇತ್ತು.

ನಿಮ್ಮ ಮನೆಯ ಉತಾರದಲ್ಲಿ ತಪ್ಪು ಕಂಡರೆ ಏನು ತಪ್ಪು ಅಂತ ಮಾತ್ರ ಕಮೆಂಟ್ ಮಾಡ್ರಿ. ಸರ್ವೆ ನಂಬರ್, ಹೆಸರು, ಫೋಟೊ ಹಾಕಬ್ಯಾಡ್ರಿ. ಇಷ್ಟೆಲ್ಲಾ ಓದಿ ಅದನ್ನೇ ಹಾಕಿದರೆ ಹೆಂಗ?

#ಹುಬ್ಬಳ್ಳಿಧಾರವಾಡ #ಉತಾರ #ಭೂಮಿ #ಬಿಕಾಂ #ಸೈಬರ್‌ಸುರಕ್ಷತೆ #ಕನ್ನಡದಲ್ಲಿಕಲಿಯೋಣ